ಪ್ಲಿಮತ್‌ನಲ್ಲಿ ಉಳಿದ ನಾಲ್ವರು ತಾಯಂದಿರು

ನೀವೀಗ ನೋಡುತ್ತಿರುವ ಹುಲ್ಲಿನ ದಿಬ್ಬ ಕೋಲ್ಸ್ ಹಿಲ್. ಊರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್. ಕೆಳಗೆ ಬಂದರಿನ ಅಂಚಿನಲ್ಲಿ ಕಂಬಗಳ ಮಂಟಪದೊಳಗೆ, ಇಂಗ್ಲಿಷ್ ವಲಸಿಗರು ಮೊದಲು ಕಾಲಿಟ್ಟದ್ದು ಇದರ ಮೇಲೆ ಎಂಬ ಪ್ರತೀತಿಯಿರುವ ಹೆಸರಾಂತ ಪ್ಲಿಮತ್ ಬಂಡೆಯಿದೆ. ಬಂದವರೆಲ್ಲ ಅದರ ಫೋಟೊ ತೆಗೆದುಕೊಳ್ಳುತ್ತಾರೆ. ನಾನು ಮಾತ್ರ ನಿಮ್ಮನ್ನು ಈ ದಿಬ್ಬದ ಮೇಲೆ ನಿಲ್ಲಿಸುತ್ತೇನೆ. 1620–21ರ ಚಳಿಗಾಲದಲ್ಲಿ ಸತ್ತ ಆ ವಲಸಿಗರನ್ನು ಹೂಳಿದ್ದು ಇಲ್ಲಿ.

ಅವರನ್ನು ಇಂಗ್ಲೆಂಡಿನಿಂದ ಇಲ್ಲಿಗೆ ತಂದ ಮೇಫ್ಲವರ್ ಹಡಗಿನಲ್ಲಿ ಬಂದ ಪ್ರಯಾಣಿಕರು 102 ಮಂದಿ. ಅವರಲ್ಲಿ ಹಲವರು ಇಂಗ್ಲೆಂಡಿನ ಅಧಿಕೃತ ಚರ್ಚನ್ನು ತೊರೆದು ಹಾಲೆಂಡಿನ ಲೈಡನ್ ನಗರದಲ್ಲಿ ವರ್ಷಗಟ್ಟಲೆ ನೆಲೆಸಿದ್ದವರು. ಅಲ್ಲಿ ಅವರ ಪ್ರಾರ್ಥನೆಗೆ ಯಾರ ಅಡ್ಡಿಯೂ ಇರಲಿಲ್ಲ. ಮತ್ತೆ ಹೊರಟದ್ದೇಕೆ? ಮುಂದೆ ಇಲ್ಲಿ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟ ಕಾರಣಗಳಲ್ಲಿ ಮಕ್ಕಳ ವಿಷಯ ಬರುತ್ತದೆ. ಬಡತನದಿಂದ ಎಳೆಯರೂ ದುಡಿಯಬೇಕಿತ್ತು, ಹೊರೆ ಹೊತ್ತು ಮೈ ಬಾಗುತ್ತಿತ್ತು. ಕೆಲವರು ಹೆತ್ತವರ ದಾರಿ ಬಿಟ್ಟು ಸೈನ್ಯಕ್ಕೋ ಹಡಗಿಗೋ ಸೇರುತ್ತಿದ್ದರು. ಮಕ್ಕಳು ಕೈತಪ್ಪಬಾರದೆಂದು ಕಡಲು ದಾಟಿದವರು ಇವರು.

ಆದರೆ ಹೊರಡುವಾಗಲೇ ಮನೆಗಳು ಒಡೆದವು. ಬ್ರಾಡ್‌ಫರ್ಡ್ ಮತ್ತು ಅವನ ಹೆಂಡತಿ ಡೊರೊಥಿ ತಮ್ಮ ಪುಟ್ಟ ಮಗ ಜಾನ್‌ನನ್ನು ಹಿಂದೆಯೇ ಬಿಟ್ಟು ಬಂದರು. ಹಡಗು ಮೊದಲು ಕೇಪ್ ಕಾಡ್ ಎಂಬ ಹತ್ತಿರದ ಭೂಚಾಚಿನ ಬಳಿ ಲಂಗರು ಹಾಕಿತ್ತು. ನೆಲೆಯೂರಲು ಜಾಗ ಹುಡುಕಿಕೊಂಡು ಗಂಡ ಹೋಗಿದ್ದಾಗ ಡೊರೊಥಿ ನೀರಿಗೆ ಬಿದ್ದು ತೀರಿಕೊಂಡಳು. ಅದೇ ಹಡಗಿನಲ್ಲಿ ಮೋರ್ ಎಂಬ ಮನೆತನದ ನಾಲ್ಕು ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬಂದಿದ್ದರು. ದಾಂಪತ್ಯದ ಜಗಳದಲ್ಲಿ ಅಪ್ಪ ಅವರನ್ನು ದೂರ ಸಾಗಿಸಿದ್ದ. ಮೂವರು ಬೇಗನೆ ಸತ್ತರು, ರಿಚರ್ಡ್ ಒಬ್ಬ ಬದುಕಿದ. ಈ ಮಕ್ಕಳ ಕಥೆಯನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಚಳಿಗಾಲ ಮುಗಿಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನ ಇರಲಿಲ್ಲ. ಗಂಡಸರು ದಡದಲ್ಲಿ ಮನೆ ಕಟ್ಟುತ್ತಿದ್ದಾಗ ಹೆಂಗಸರು ಮಕ್ಕಳೊಂದಿಗೆ ಹಡಗಿನ ಇಕ್ಕಟ್ಟಿನಲ್ಲೇ ಇದ್ದರು. ಬಂದಿದ್ದ 18 ವಿವಾಹಿತ ಮಹಿಳೆಯರಲ್ಲಿ ಮೊದಲ ಕೊಯ್ಲಿನ ಹೊತ್ತಿಗೆ ಉಳಿದವರು ನಾಲ್ವರು: ಎಲೆನರ್ ಬಿಲ್ಲಿಂಗ್ಟನ್, ಎಲಿಜಬೆತ್ ಹಾಪ್ಕಿನ್ಸ್, ಮೇರಿ ಬ್ರೂಸ್ಟರ್, ಸುಸಾನಾ ವೈಟ್.

ಸುಸಾನಾಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಡಗು ಕೇಪ್ ಕಾಡ್‌ನಲ್ಲಿ ನಿಂತಿದ್ದಾಗಲೇ ಅವಳು ಪೆರೆಗ್ರಿನ್ ಎಂಬ ಗಂಡುಮಗುವನ್ನು ಹೆತ್ತಳು. ಆ ಮಗುವಿನದೆಂದು ಹೇಳಲಾಗುವ ಹೆಣೆದ ತೊಟ್ಟಿಲು ಇಲ್ಲಿನ ಪಿಲ್‌ಗ್ರಿಮ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಫೆಬ್ರವರಿಯಲ್ಲಿ ಗಂಡ ಸತ್ತ. ಮಾರ್ಚ್‌ನಲ್ಲಿ ಎಡ್ವರ್ಡ್ ವಿನ್ಸ್‌ಲೋ ಎಂಬಾತನ ಹೆಂಡತಿ ಸತ್ತಳು. ಮೇ 12ರಂದು ಸುಸಾನಾ ಮತ್ತು ಎಡ್ವರ್ಡ್ ಮದುವೆಯಾದರು. ಈ ನೆಲೆಯ ಮೊದಲ ಮದುವೆ ಅದು. ಪಾದ್ರಿ ನಡೆಸಿದ್ದಲ್ಲ, ಆಡಳಿತಾಧಿಕಾರಿ ನಡೆಸಿದ್ದು. ಮದುವೆಯೆಂಬುದು ನಾಗರಿಕ ಒಪ್ಪಂದ, ಚರ್ಚಿನ ಸಂಸ್ಕಾರವಲ್ಲ ಎಂಬುದು ಇವರ ನಂಬಿಕೆ. ಹಾಲೆಂಡಿನಲ್ಲಿ ಆ ಪದ್ಧತಿಯನ್ನು ಕಂಡಿದ್ದರು.

ಗಂಡ ಸತ್ತು ಮೂರು ತಿಂಗಳೂ ಆಗಿರಲಿಲ್ಲ ಎಂದು ಯಾರಾದರೂ ಹುಬ್ಬೇರಿಸಬಹುದು. ನಾನು ಏರಿಸಲಾರೆ. ಮಡಿಲಲ್ಲಿ ಆರು ತಿಂಗಳ ಕೂಸು, ಸೆರಗು ಹಿಡಿದ ಇನ್ನೊಬ್ಬ ಮಗ. ಒಂಟಿ ಗಂಡಸರನ್ನೂ ಯಾವುದಾದರೊಂದು ಮನೆಗೆ ಸೇರಿಸಿ, 19 ಕುಟುಂಬಗಳೆಂದು ಲೆಕ್ಕ ಹಾಕಿ ಮನೆ ಕಟ್ಟಲು ಹೊರಟ ಊರು ಅದು. ಅನಾಥ ಮಕ್ಕಳೂ ಹೀಗೆಯೇ ಬೇರೆ ಬೇರೆ ಮನೆ ಸೇರಿದರು. ರಕ್ತಸಂಬಂಧ ನೋಡಿಕೊಂಡು ಕೂರಲು ಸಮಯವಿರಲಿಲ್ಲ.

ಆ ಶರತ್ಕಾಲದ ಕೊಯ್ಲಿನ ಊಟವನ್ನು ಅಮೆರಿಕ ಇಂದಿಗೂ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ನೆನೆಯುತ್ತದೆ. ಇಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್ ಸುಮಾರು 90 ಮಂದಿಯೊಂದಿಗೆ ಬಂದಿದ್ದ. ಮೂರು ದಿನ ಔತಣ. ಒಲೆಯ ಕಡೆ ನೋಡಿದರೆ, ಇದ್ದ ಗೃಹಿಣಿಯರು ಆ ನಾಲ್ವರೇ, ಕೈಜೋಡಿಸಲು ಹುಡುಗಿಯರು.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇದು ಖಾಲಿ ನೆಲವಾಗಿರಲಿಲ್ಲ. ಪಟಕ್ಸೆಟ್ ಎಂಬ ವಾಂಪನೋಗ್ ಹಳ್ಳಿ ಇಲ್ಲಿತ್ತು. 1616ರಿಂದ 1619ರ ನಡುವೆ ಹರಡಿದ ಸಾಂಕ್ರಾಮಿಕ ರೋಗ ಇಡೀ ಹಳ್ಳಿಯನ್ನು ಅಳಿಸಿತು. ವಲಸಿಗರಿಗೆ ಮೀನನ್ನು ಗೊಬ್ಬರವಾಗಿ ಹಾಕಿ ಮುಸುಕಿನ ಜೋಳ ಬೆಳೆಯುವುದನ್ನು ಕಲಿಸಿದ ಟಿಸ್ಕ್ವಾಂಟಮ್ ಅದೇ ಹಳ್ಳಿಯವನು. ಅಪಹರಣಕ್ಕೆ ಒಳಗಾಗಿ ಯುರೋಪಿಗೆ ಸಾಗಿಸಲ್ಪಟ್ಟಿದ್ದ ಆತ ಮರಳಿ ಬಂದಾಗ ತನ್ನವರು ಯಾರೂ ಉಳಿದಿರಲಿಲ್ಲ. ಹೊಸಬರು ತಮ್ಮ ಮಕ್ಕಳಿಗೆ ಉಣಿಸಿದ್ದು ಅವನ ಜನ ಹಸನು ಮಾಡಿಟ್ಟಿದ್ದ ಹೊಲಗಳಿಂದ.

ಮೊದಮೊದಲು ದುಡಿಮೆಯೂ ಫಸಲೂ ಎಲ್ಲರಿಗೂ ಸೇರಿದ್ದವು. ಬೇರೆಯವರ ಅಡುಗೆ, ಬೇರೆ ಗಂಡಸರ ಬಟ್ಟೆ ಒಗೆಯುವುದು ಹೆಂಗಸರಿಗೆ ಜೀತದಂತೆ ಕಂಡಿತು, ಗಂಡಂದಿರೂ ಸಹಿಸಲಿಲ್ಲ ಎಂದು ಬ್ರಾಡ್‌ಫರ್ಡ್ ಬರೆಯುತ್ತಾನೆ. 1623ರಲ್ಲಿ ಪ್ರತಿ ಕುಟುಂಬಕ್ಕೂ ತಲೆ ಲೆಕ್ಕದಲ್ಲಿ ಹೊಲ ಹಂಚಿದಾಗ ಅದೇ ಹೆಂಗಸರು ಮಕ್ಕಳನ್ನು ಕರೆದುಕೊಂಡು ತಾವಾಗಿಯೇ ಬಿತ್ತನೆಗೆ ಇಳಿದರು.

ಅದೇ ಬೇಸಿಗೆಯಲ್ಲಿ ಆನ್ ಎಂಬ ಹಡಗು ಬಂತು. ಅದರಲ್ಲಿ ಬಂದ ಆಲಿಸ್ ಎಂಬ ವಿಧವೆಯನ್ನು ಬ್ರಾಡ್‌ಫರ್ಡ್ ಮದುವೆಯಾದ. ಅವಳ ಮೊದಲ ಮದುವೆಯ ಇಬ್ಬರು ಗಂಡುಮಕ್ಕಳು ಮುಂದೆ ಇಲ್ಲಿಗೆ ಬಂದು ಸೇರಿದರು. ಹಿಂದೆ ಬಿಟ್ಟು ಬಂದಿದ್ದ ಜಾನ್ ಕೂಡ ಕೆಲವು ವರ್ಷಗಳ ನಂತರ ಕಡಲು ದಾಟಿ ಬಂದ. ಅಪ್ಪನ ಮನೆಯಲ್ಲಿ ಅಷ್ಟರಲ್ಲಿ ಮಲತಾಯಿಯೂ ಅವನು ಎಂದೂ ನೋಡಿರದ ತಮ್ಮ ತಂಗಿಯರೂ ಇದ್ದರು.