ಉಂಡ ಮೇಲೆ 15 ನಿಮಿಷ: ಒಂದು ಅಭ್ಯಾಸ ಮೈಗೂಡೋದು ಹೇಗೆ?

[ಶುರು: ಗೋಡೆಗೆ ನೇತುಹಾಕಿದ ಕ್ಯಾಲೆಂಡರ್. ಜನವರಿ ಪುಟ. ಮೊದಲ ಆರು ಮನೆಗಳಲ್ಲಿ ಪೆನ್ನಿನ ಗುರುತು, ಆಮೇಲೆ ಎಲ್ಲ ಖಾಲಿ.]

ನಮಸ್ಕಾರ. ಜನವರಿ ಒಂದಕ್ಕೋ ಯುಗಾದಿಗೋ "ಇವತ್ತಿಂದ ದಿನಾ ವಾಕಿಂಗ್" ಅಂತ ಹೊರಟು, ವಾರ ತುಂಬೋದ್ರೊಳಗೆ ಕೈಬಿಟ್ಟವರು ಎಷ್ಟೋ ಜನ. ಬಿಟ್ಟ ಮೇಲೆ ಎಲ್ಲರೂ ಬೈಕೊಳ್ಳೋದು ತಮ್ಮನ್ನೇ: "ನನ್ನ ಮನಸ್ಸು ಗಟ್ಟಿ ಇಲ್ಲ ಬಿಡಿ." ಆದರೆ ಹೆಚ್ಚಿನ ಸಲ ತಪ್ಪಿರೋದು ಮನಸ್ಸಲ್ಲಲ್ಲ, ಸಂಕಲ್ಪ ಮಾಡಿದ ಆ ಒಂದು ವಾಕ್ಯದಲ್ಲಿ. ದಿನಾ ಅಂದ್ರೆ ಯಾವಾಗ? ಯಾವ ಕೆಲಸ ಮುಗಿದ ಮೇಲೆ? ಎಲ್ಲಿಂದ ಎಲ್ಲಿವರೆಗೆ? ಮಳೆ ಬಂದ್ರೆ ಏನು? ಇದ್ಯಾವುದಕ್ಕೂ ಅದರಲ್ಲಿ ಉತ್ತರ ಇಲ್ಲ.

ಇವತ್ತು ಹತ್ತು ಅಭ್ಯಾಸಗಳ ಪಟ್ಟಿ ಕೊಡೋದಿಲ್ಲ. ಒಂದೇ ಒಂದನ್ನ ತಗೊಳ್ಳೋಣ: ರಾತ್ರಿ ಊಟ ಆದ ಮೇಲೆ 15 ನಿಮಿಷ ನಡೆಯೋದು. ಗುರಿಯನ್ನ ಹೇಗೆ ಬರೀಬೇಕು, ಎಲ್ಲಿ ಕೆಡುತ್ತೆ, ಕೆಟ್ಟಾಗ ಹೇಗೆ ಎತ್ತಿಕೊಳ್ಳಬೇಕು ಅನ್ನೋದನ್ನೆಲ್ಲ ಇದೊಂದರಲ್ಲೇ ನೋಡಿಬಿಡೋಣ.

[ತೆರೆಯ ಮೇಲೆ: ತಟ್ಟೆಯಲ್ಲಿ ಅನ್ನ, ಸಾರು, ಪಲ್ಯ.]

ಇದನ್ನೇ ಯಾಕೆ ಆರಿಸಿದ್ವಿ? ಉಂಡ ಮೇಲೆ ನೂರು ಹೆಜ್ಜೆ ಹಾಕು ಅಂತ ಮನೆಯ ಹಿರಿಯರು ಹೇಳ್ತಾ ಬಂದಿದ್ದಾರಲ್ಲ, ಅದರ ಹಿಂದೆ ಗಟ್ಟಿ ಕಾರಣ ಇದೆ. ಅನ್ನ ಇರಲಿ, ಮುದ್ದೆ ಇರಲಿ, ಚಪಾತಿ ಇರಲಿ, ಉಂಡ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ಗ್ಲೂಕೋಸ್, ಅಂದ್ರೆ ಸಕ್ಕರೆ, ಏರಿರುತ್ತೆ. ನಡೆಯುವಾಗ ಕಾಲಿನ ಸ್ನಾಯುಗಳು ಆ ಗ್ಲೂಕೋಸನ್ನ ಎಳಕೊಂಡು ಉರಿಸ್ತವೆ. ಹೀಗೆ ಕೆಲಸ ಮಾಡೋ ಸ್ನಾಯು, ಸಕ್ಕರೆಯನ್ನ ರಕ್ತದಿಂದ ಒಳಗೆ ಬಿಟ್ಟುಕೊಳ್ಳೋಕೆ ನೆರವಾಗೋ ಇನ್ಸುಲಿನ್ ಹಾರ್ಮೋನಿಗಾಗಿಯೇ ಕಾದು ಕೂರೋದಿಲ್ಲ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ 60 ದಾಟಿದ ಹತ್ತು ಜನರ ಮೇಲೆ ಒಂದು ಪ್ರಯೋಗ ಮಾಡಿದ್ರು. ದಿನಕ್ಕೊಂದೇ ಸಲ 45 ನಿಮಿಷ ನಡೆದಾಗ ಹೇಗೆ, ಮೂರು ಊಟದ ನಂತರ 15 ನಿಮಿಷದ ಹಾಗೆ ನಡೆದಾಗ ಹೇಗೆ ಅಂತ ಹೋಲಿಸಿದ್ರು. ರಾತ್ರಿ ಊಟದ ನಂತರದ ಸಕ್ಕರೆ ಏರಿಕೆ ತಗ್ಗಿಸೋದ್ರಲ್ಲಿ ಊಟದ ನಂತರದ ನಡಿಗೆಯೇ ಮೇಲಾಯ್ತು. ಹತ್ತೇ ಜನರ ಪ್ರಯೋಗ, ನಿಜ. ಆದರೂ ನಮ್ಮ ದೇಶದಲ್ಲಿ ಇದನ್ನ ಹಗುರವಾಗಿ ನೋಡೋ ಹಾಗಿಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್‌–ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರೋರು 10 ಕೋಟಿ ದಾಟಿದ್ದಾರೆ.

ಈಗ ಮುಖ್ಯ ವಿಷಯ. ಗುರಿಯ ವಾಕ್ಯ.

[ತೆರೆಯ ಮೇಲೆ ಮೊದಲ ಸಾಲು: "ದಿನಾ ವಾಕಿಂಗ್ ಮಾಡ್ತೀನಿ." ಅದನ್ನ ಹೊಡೆದುಹಾಕಿ ಕೆಳಗೆ ಎರಡನೇ ಸಾಲು: "ರಾತ್ರಿ ಉಂಡು ಕೈ ತೊಳೆದ ತಕ್ಷಣ, ಚಪ್ಪಲಿ ಮೆಟ್ಟಿ, ಗಣಪತಿ ಗುಡಿವರೆಗೆ ಹೋಗಿ ಬರ್ತೀನಿ."]

ಎರಡನೇ ಸಾಲಲ್ಲಿ ಗಡಿಯಾರದ ಮಾತೇ ಇಲ್ಲ, ಗಮನಿಸಿ. ರಾತ್ರಿ ಎಂಟೂವರೆಗೆ ನಡೀತೀನಿ ಅಂತ ಬರೆದ್ರೆ ಮೂರನೇ ದಿನಕ್ಕೇ ಕೆಡುತ್ತೆ. ಒಂದು ದಿನ ಊಟ ಎಂಟಕ್ಕೆ, ಒಂದು ದಿನ ಟ್ರಾಫಿಕ್ಕಲ್ಲಿ ಸಿಕ್ಕಿ ಒಂಬತ್ತೂವರೆಗೆ. ಆದರೆ ಊಟ ಎಷ್ಟು ಹೊತ್ತಿಗಾದ್ರೂ ಕೈ ತೊಳೆಯೋದಂತೂ ತಪ್ಪೋದಿಲ್ಲ. ದಿನಾ ತಾನಾಗಿ ನಡೆಯೋ ಕೆಲಸಕ್ಕೆ ಹೊಸ ಕೆಲಸದ ಗಂಟು ಹಾಕೋದು ಅಂದ್ರೆ ಇದೇ.

ಗಂಟು ಹಾಕೋ ಜಾಗ ಬಹಳ ಖಚಿತವಾಗಿರಬೇಕು. "ಊಟ ಆದ ಮೇಲೆ" ಅಂದ್ರೆ ಸಾಲದು. ಊಟ ಮುಗಿದ ಮೇಲಿನ ಐದು ನಿಮಿಷ ನೋಡಿ: ಎದ್ದು ಕೈ ತೊಳೀತೀರಿ, ಟವೆಲ್ಲಿಗೆ ಒರೆಸ್ತೀರಿ, ಫೋನ್ ಎತ್ತಿಕೊಳ್ತೀರಿ, ಸೋಫಾದಲ್ಲಿ ಕೂರ್ತೀರಿ. ಕೂತ ಮೇಲೆ ಏಳೋದು ಬೆಟ್ಟ ಹತ್ತಿದ ಹಾಗೆ. ಹಾಗಾಗಿ ಗಂಟು ಬೀಳಬೇಕಾದ್ದು ಟವೆಲ್ಲಿಗೂ ಫೋನಿಗೂ ನಡುವೆ. ಫೋನನ್ನ ಊಟಕ್ಕೆ ಮುಂಚೆಯೇ ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿಬಿಡಿ. ಚಪ್ಪಲಿ ಬಾಗಿಲ ಬಳಿ, ಮೂತಿ ಹೊರಗೆ ಮಾಡಿಕೊಂಡು ಕಾದಿರಲಿ.

ಅಡುಗೆಮನೆ ನೋಡಿಕೊಳ್ಳೋರ ಕಷ್ಟ ಬೇರೆ. ಎಲ್ಲರದ್ದೂ ಊಟ ಆಗಿ, ಉಳಿದದ್ದು ಎತ್ತಿಟ್ಟು, ಪಾತ್ರೆ ತೊಳೆದು, ಸ್ಟವ್ ಒರೆಸೋ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರುತ್ತೆ, ಜೀವ ಸುಸ್ತಾಗಿರುತ್ತೆ. ಎಷ್ಟೋ ಮನೆಗಳಲ್ಲಿ ಹೆಂಗಸರ ವಾಕಿಂಗ್ ನಿಂತುಹೋಗೋದು ಇಲ್ಲೇ. ಪಾತ್ರೆ 15 ನಿಮಿಷ ಸಿಂಕಲ್ಲಿ ನೆನೀಲಿ, ಏನೂ ಹಾಳಾಗೋದಿಲ್ಲ. ಮೊದಲು ನಡಿಗೆ, ಆಮೇಲೆ ಪಾತ್ರೆ. ವಾಪಸ್ ಬಂದ ಮೇಲೆ ಆ ಪಾತ್ರೆಗೆ ಮನೆಯ ಉಳಿದವರೂ ಕೈ ಹಾಕಬೇಕು. ಈ ಮಾತನ್ನ ಮೊದಲ ದಿನವೇ ಮನೆಯಲ್ಲಿ ಆಡಿ ಮುಗಿಸಿ.

ಹೀಗೆ ಬರೆಯೋದ್ರಿಂದ ನಿಜವಾಗ್ಲೂ ವ್ಯತ್ಯಾಸ ಆಗುತ್ತಾ? ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ಇದರ ಮೇಲೆ ದಶಕಗಳ ಕೆಲಸ ಮಾಡಿದ್ದಾರೆ. ಅದೇ ದಾರಿಯಲ್ಲಿ ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಮುಂದಿನ ವಾರ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ವ್ಯಾಯಾಮ ಮಾಡ್ತೀರಿ ಅಂತ ಒಂದು ಗುಂಪಿನಿಂದ ಬರೆಸಿದ್ರು. ಅವರಲ್ಲಿ ನೂರಕ್ಕೆ 91 ಜನ ಮಾಡಿದ್ರು. ವ್ಯಾಯಾಮದಿಂದ ಹೃದಯಕ್ಕೆ ಎಷ್ಟು ಒಳ್ಳೇದು ಅಂತ ಓದಿಸಿ, ಹುರಿದುಂಬಿಸಿ ಬಿಟ್ಟ ಗುಂಪಿನಲ್ಲಿ ನೂರಕ್ಕೆ 40 ಕೂಡ ದಾಟಲಿಲ್ಲ. ಸ್ಫೂರ್ತಿ ತುಂಬೋ ಮಾತುಗಳನ್ನ ಕೇಳಿ ಕೇಳಿ ಏನೂ ಬದಲಾಗದೆ ಬೇಸತ್ತವರು ಈ ಎರಡು ಸಂಖ್ಯೆಗಳನ್ನ ನೆನಪಿಟ್ಟುಕೊಳ್ಳಿ.

[ತೆರೆಯ ಮೇಲೆ: ಗಡಿಯಾರದ ಸೆಕೆಂಡಿನ ಮುಳ್ಳು, ಜೊತೆಗೆ ನಡೆಯೋ ಕಾಲುಗಳು.]

ಎಷ್ಟು ವೇಗವಾಗಿ ನಡೀಬೇಕು? ಊಟ ಆದ ಕೂಡಲೇ ಓಡೋದು ಬೇಡ. ಮೊದಲ ಐದು ನಿಮಿಷ ಆರಾಮಾಗಿ ನಡೀರಿ. ಆಮೇಲೆ ನಿಮಿಷಕ್ಕೆ 100 ಹೆಜ್ಜೆಯ ಹತ್ತಿರ ಬನ್ನಿ. ಅಳೆಯೋಕೆ ವಾಚು, ಬ್ಯಾಂಡು ಏನೂ ಬೇಕಾಗಿಲ್ಲ. 15 ಸೆಕೆಂಡಲ್ಲಿ ಎಷ್ಟು ಹೆಜ್ಜೆ ಬೀಳುತ್ತೆ ಅಂತ ಎಣಿಸಿ; 25 ಬಿದ್ರೆ ಸರಿ ಇದೆ. ಆ ವೇಗದಲ್ಲಿ ಪಕ್ಕದವರ ಜೊತೆ ಮಾತಾಡಬಹುದು, ಹಾಡೋಕೆ ಮಾತ್ರ ಉಸಿರು ಸಾಲೋದಿಲ್ಲ.

10,000 ಹೆಜ್ಜೆ ಆಗಲಿಲ್ಲ ಅಂತ ಕೊರಗಬೇಡಿ. ಆ ಸಂಖ್ಯೆ ಹರಡಿದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸೋ ಯಂತ್ರದಿಂದ. ಅದರ ಹೆಸರು ಮಾನ್‌ಪೋ–ಕೇ, ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೆಜ್ಜೆ ಲೆಕ್ಕ ಅಲ್ಲ, ನಿಮಿಷದ ಲೆಕ್ಕ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ. ರಾತ್ರಿಯ 15 ನಿಮಿಷ ವಾರಕ್ಕೆ 105 ಆಗುತ್ತೆ. ಉಳಿದ 45 ನಿಮಿಷಕ್ಕೆ ಭಾನುವಾರ ಬೆಳಗ್ಗೆ ಒಂದು ಕೆರೆ ಸುತ್ತು ಸಾಕು.

ಆದರೆ ಮೊದಲ ದಿನವೇ 15 ನಿಮಿಷ ಬೇಡ. ಮೊದಲ ವಾರ ಐದೇ ನಿಮಿಷ. ಇನ್ನೂ ನಡೆಯೋ ಹುಮ್ಮಸ್ಸಿದ್ರೂ ಐದಕ್ಕೇ ವಾಪಸ್ ಬನ್ನಿ. ಎರಡನೇ ವಾರ ಹತ್ತು, ಮೂರನೇ ವಾರದಿಂದ ಹದಿನೈದು. ಮೊದಲ ದಿನಗಳಲ್ಲಿ ನೀವು ಕಲಿಸ್ತಿರೋದು ಕಾಲಿಗಲ್ಲ. ಕೈ ತೊಳೆದ ಮೇಲೆ ಬಾಗಿಲ ಕಡೆ ತಿರುಗೋದನ್ನ ಕಲಿಸ್ತಿದ್ದೀರಿ. ಆ ತಿರುಗುವಿಕೆ ಸಲೀಸಾಗಿ ಬರಬೇಕು ಅಂದ್ರೆ ಆಚೆ ಕಾದಿರೋ ಕೆಲಸ ಸಣ್ಣದಾಗಿರಬೇಕು. ಮೊದಲ ದಿನ ನಾಲ್ಕು ಕಿಲೋಮೀಟರ್ ನಡೆದು, ಎರಡನೇ ದಿನ ಮೀನಖಂಡ ಹಿಡಿದುಕೊಂಡು, ಮೂರನೇ ದಿನ ಬಿಟ್ಟುಬಿಡೋದು ಎಲ್ಲರಿಗೂ ಗೊತ್ತಿರೋ ಕಥೆ.

[ತೆರೆಯ ಮೇಲೆ: ಮಳೆ. ಬೀದಿದೀಪ ಇಲ್ಲದ ರಸ್ತೆ.]

ಸಕಾರಾತ್ಮಕ ಚಿಂತನೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಅದನ್ನ ಅರ್ಧಂಬರ್ಧ ತಿಳಿದುಕೊಂಡು ಏಟು ತಿಂದವರು ಬಹಳ. "ಕಣ್ಣು ಮುಚ್ಚಿ, ತೆಳ್ಳಗಾದ ನಿಮ್ಮನ್ನ ಕಲ್ಪಿಸಿಕೊಳ್ಳಿ, ಆಗೇ ಆಗುತ್ತೆ" ಅಂತಾರಲ್ಲ. ಗೇಬ್ರಿಯಲ್ ಓಟಿಂಗನ್ ಅನ್ನೋ ಮನಶ್ಶಾಸ್ತ್ರಜ್ಞೆ 1991ರಲ್ಲಿ, ತೂಕ ಇಳಿಸೋ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರ ಅಧ್ಯಯನ ಪ್ರಕಟಿಸಿದ್ರು. ನನ್ನ ಕೈಲಿ ಆಗುತ್ತೆ ಅನ್ನೋ ನಂಬಿಕೆ ಇದ್ದವರು ಹೆಚ್ಚು ತೂಕ ಇಳಿಸಿದ್ರು. ಆದರೆ ಎಲ್ಲ ಸುಲಭವಾಗಿ ಆಗಿಹೋದ ಹಾಗೆ ಸಿಹಿ ಕನಸು ಕಾಣ್ತಿದ್ದವರು, ಎಡವೋ ಸಾಧ್ಯತೆಯನ್ನೂ ಕಂಡವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ರು. ನಂಬಿಕೆ ಬೇರೆ, ಹಗಲುಗನಸು ಬೇರೆ. ಕನಸಲ್ಲೇ ಊಟ ಮಾಡಿದವನಿಗೆ ಅಡುಗೆ ಮಾಡೋ ಹಸಿವು ಉಳಿಯೋದಿಲ್ಲ.

ಅದಕ್ಕೇ ಒಳ್ಳೇದನ್ನ ಯೋಚಿಸಿದ ಬೆನ್ನಿಗೇ ಅಡ್ಡಿಯನ್ನೂ ಹೆಸರಿಟ್ಟು ಕರೀರಿ. "ಏನಾದ್ರೂ ತೊಂದರೆ ಆಗಬಹುದು" ಅನ್ನೋದು ಸಾಲದು. ನಿಮ್ಮ ಬೀದಿಯ ತೊಂದರೆ ಯಾವುದು?

ಮಳೆ. ಕರಾವಳಿ, ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂದ್ರೆ ಸಂಜೆ ಹೊರಗೆ ಕಾಲಿಡೋದೇ ಕಷ್ಟ. ಆಗ ಜಗಲಿ ಇದೆ, ಹಜಾರ ಇದೆ. ಮನೆಯೊಳಗೆ ಒಂದು ಗೋಡೆಯಿಂದ ಇನ್ನೊಂದಕ್ಕೆ 15 ಹೆಜ್ಜೆ ಇದ್ರೆ, 1,500 ಹೆಜ್ಜೆಗೆ ನೂರು ಸಲ ಹೋಗಬೇಕು, ಅಂದ್ರೆ ಹೋಗಿ ಬರೋದು 50 ಸುತ್ತು. ಬೇಜಾರಾಗುತ್ತೆ, ರೇಡಿಯೋ ಹಾಕಿಕೊಳ್ಳಿ. ಸುತ್ತು ಲೆಕ್ಕ ತಪ್ಪದ ಹಾಗೆ ಹತ್ತು ಸುತ್ತಿಗೊಂದರಂತೆ ಐದು ಅಡಿಕೆನೋ ಹುಣಸೆಬೀಜನೋ ಕಿಟಕಿ ಮೇಲಿಟ್ಟು ಪಕ್ಕಕ್ಕೆ ಸರಿಸ್ತಾ ಹೋಗಿ.

ನಾಯಿ ಕಾಟ ಇದ್ರೆ ದಿನಾ ಅದೇ ಬೀದಿ, ಅದೇ ಜೊತೆಗಾರರು; ಅಟ್ಟಿಸಿಕೊಂಡು ಬಂದ್ರೂ ಓಡಬೇಡಿ. ಕತ್ತಲಿದ್ರೆ ಟಾರ್ಚು, ತಿಳಿ ಬಣ್ಣದ ಅಂಗಿ, ಎದುರಿಗೆ ಬರೋ ಗಾಡಿ ಕಾಣೋ ಹಾಗೆ ರಸ್ತೆಯ ಬಲಬದಿ. ಹವಾಯಿ ಚಪ್ಪಲಿ ಒದ್ದೆ ರಸ್ತೆಯಲ್ಲಿ ಜಾರುತ್ತೆ, ಹಿಮ್ಮಡಿಗೆ ಪಟ್ಟಿ ಇರೋದನ್ನ ತಗೊಳ್ಳಿ.

ನೆಂಟರು ಬಂದ್ರೆ? "ಬನ್ನಿ, ಒಂದು ಸುತ್ತು ಹೋಗಿ ಬರೋಣ" ಅಂತ ಅವರನ್ನೂ ಹೊರಡಿಸಿ. ಎಲೆ ಅಡಿಕೆ ಆಮೇಲೆ ಹಾಕಿಕೊಳ್ಳಬಹುದು.

[ತೆರೆಯ ಮೇಲೆ: "______ ಆದ್ರೆ, ______ ಮಾಡ್ತೀನಿ." ಇಂಥ ಮೂರು ಖಾಲಿ ಸಾಲು.]

ಈ ಮೂರು ಸಾಲನ್ನ ಈಗಲೇ ತುಂಬಿಸಿ, ಬಾಗಿಲ ಹಿಂದೆ ಅಂಟಿಸಿ. ಮೂರಕ್ಕಿಂತ ಹೆಚ್ಚು ಬೇಡ, ಹೆಚ್ಚಾದ್ರೆ ಯಾವುದೂ ನೆನಪಿರೋದಿಲ್ಲ.

21 ದಿನ ಮಾಡಿದ್ರೆ ಅಭ್ಯಾಸ ಆಗಿಬಿಡುತ್ತೆ ಅಂತ ಕೇಳಿರ್ತೀರಿ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದದ್ದು, ತನ್ನ ರೋಗಿಗಳಿಗೆ ಬದಲಾದ ಮುಖ ಒಗ್ಗೋಕೆ ಕನಿಷ್ಠ 21 ದಿನ ಹಿಡಿಯುತ್ತೆ ಅಂತ. ಬಾಯಿಂದ ಬಾಯಿಗೆ ಬರ್ತಾ "ಕನಿಷ್ಠ" ಉದುರಿಹೋಯ್ತು, ಮುಖ ಹೋಗಿ ಅಭ್ಯಾಸ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನ 12 ವಾರ ಹಿಂಬಾಲಿಸಿ ಲೆಕ್ಕ ಹಾಕಿದಾಗ ಸಿಕ್ಕ ನಡುಮಧ್ಯದ ಸಂಖ್ಯೆ 66 ದಿನ. ಕೆಲವರಿಗೆ 18ಕ್ಕೇ ಆಯ್ತು, ಒಬ್ಬರಿಗೆ 254 ದಿನ ಬೇಕು ಅಂತ ಲೆಕ್ಕ ತೋರಿಸಿತು. 22ನೇ ದಿನವೂ ಕಷ್ಟ ಅನ್ನಿಸಿದ್ರೆ ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ಇನ್ನೂ ಮುಖ್ಯ: ಒಂದು ದಿನ ತಪ್ಪಿದ್ರಿಂದ ಅಭ್ಯಾಸ ಕೂಡಿಬರೋದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಹಾಗಾಗಿ ತಪ್ಪಿದ ದಿನವನ್ನ ಮಾರನೇ ದಿನ 30 ನಿಮಿಷ ನಡೆದು ತೀರಿಸಬೇಡಿ. ಅದು ದಂಡ ಕಟ್ಟಿದ ಹಾಗಾಗುತ್ತೆ, ನಡಿಗೆ ಮೇಲೇ ಸಿಟ್ಟು ಬರುತ್ತೆ. ಎರಡು ದಿನ ಸಾಲಾಗಿ ತಪ್ಪಿದ್ರೆ ಮೂರನೇ ದಿನ ಮತ್ತೆ ಐದು ನಿಮಿಷಕ್ಕೆ ಇಳೀರಿ. ಮದುವೆ ಮನೆಗೆ ಹೋದಾಗ, ಊರಿಗೆ ಹೋದಾಗ ಗೇಟಿಂದ ಬೀದಿ ಕೊನೆವರೆಗೆ ಹೋಗಿ ಬಂದ್ರೂ ಲೆಕ್ಕಕ್ಕೆ ಸೇರುತ್ತೆ.

ಲೆಕ್ಕ ಇಡೋಕೆ ಆ್ಯಪ್ ಬೇಡ, ಫೋನ್ ಕೈಗೆ ಬಂದ್ರೆ ಮತ್ತೆ ಸೋಫಾ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೀತೀವಲ್ಲ, ಆ ದಿನದ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ ಇಡಿ. ನಡೆದ್ರೆ ಚುಕ್ಕೆ, ಇಲ್ಲದಿದ್ರೆ ಖಾಲಿ. ಪೆನ್ನು ದಾರದಲ್ಲಿ ಅಲ್ಲೇ ತೂಗ್ತಿರಲಿ.

[ತೆರೆಯ ಮೇಲೆ ಕೆಂಪು ಚೌಕಟ್ಟು.]

ಇದನ್ನ ದಯವಿಟ್ಟು ಗಮನವಿಟ್ಟು ಕೇಳಿ. ಇನ್ಸುಲಿನ್ ತಗೊಳ್ಳೋರು, ಸಕ್ಕರೆ ಇಳಿಸೋ ಮಾತ್ರೆ ತಗೊಳ್ಳೋರು ಶುರು ಮಾಡೋ ಮುಂಚೆ ನಿಮ್ಮ ಡಾಕ್ಟರನ್ನ ಕೇಳಿ. ಕೆಲವು ಮಾತ್ರೆಗಳ ಜೊತೆ ನಡಿಗೆ ಸೇರಿದ್ರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಜೇಬಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಕೈ ನಡುಕ, ತಣ್ಣನೆ ಬೆವರು, ತಲೆ ಸುತ್ತು ಬಂದ್ರೆ ನಿಂತು ತಿನ್ನಿ. ಬರಿಗಾಲಲ್ಲಿ ನಡೀಬೇಡಿ, ಪಾದದ ಸ್ಪರ್ಶ ಕಡಿಮೆ ಇದ್ರೆ ಮುಳ್ಳು ಚುಚ್ಚಿದ್ದೂ ಗೊತ್ತಾಗೋದಿಲ್ಲ. ಉಂಡು ನಡೆಯುವಾಗ ಎದೆ ಹಿಡಿದ ಹಾಗಾದ್ರೆ, ನೋವು ಎಡಗೈಗೋ ದವಡೆಗೋ ಹರಿದ್ರೆ ಗ್ಯಾಸ್ ಅಂತ ಸುಮ್ಮನಾಗಬೇಡಿ. ತಕ್ಷಣ ನಿಲ್ಲಿ, ಆಸ್ಪತ್ರೆಗೆ ಹೋಗಿ.

ಅಭ್ಯಾಸ ಮೈಗೂಡಿತು ಅಂತ ಗೊತ್ತಾಗೋದು ಹೇಗೆ? ಹೋಗಬೇಕಾ ಬೇಡವಾ ಅನ್ನೋ ಮಾತು ಮನಸ್ಸಲ್ಲಿ ಬರೋ ಮೊದಲೇ ಕಾಲು ಚಪ್ಪಲಿಯಲ್ಲಿರುತ್ತೆ. ಹೋಗದ ದಿನ ಏನೋ ಮರೆತ ಹಾಗನ್ನಿಸುತ್ತೆ. ಅಲ್ಲಿಗೆ ಬಂದ ಮೇಲಷ್ಟೇ ಎರಡನೇ ಅಭ್ಯಾಸ ಶುರು ಮಾಡಿ. ಅದಕ್ಕೆ ಗಂಟು ಹಾಕೋ ಜಾಗ ಆಗಲೇ ಸಿದ್ಧ ಇರುತ್ತೆ: ನಡೆದು ಬಂದು ಚಪ್ಪಲಿ ಬಿಟ್ಟ ತಕ್ಷಣ.

[ಕೊನೆ: ಬಾಗಿಲ ಬಳಿ ಎರಡು ಜೊತೆ ಚಪ್ಪಲಿ, ಮೂತಿ ಹೊರಗೆ. ಒಳಗೆ ನಲ್ಲಿ ನೀರಿನ ಸದ್ದು ನಿಲ್ಲುತ್ತೆ.]