ಗುಳಿಗೆ ನುಂಗಿದ ಮೇಲೆ ಮೈಯಲ್ಲಿ ಏನಾಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ನಾನು ಔಷಧದ ಅಂಗಡಿ ನಡೆಸುತ್ತೇನೆ. ನಮ್ಮಲ್ಲಿ ದಿನಾ ಜಾಸ್ತಿ ಹೋಗುವುದು ನೋವಿನ ಗುಳಿಗೆ. ಸೊಂಟ ಹಿಡಿದವರು, ಹಲ್ಲು ನೋವಿನವರು, ಹೊಲದಲ್ಲಿ ದುಡಿದು ಮೈಕೈ ನೋವು ಅನ್ನುವವರು, ಎಲ್ಲರೂ ಬರುತ್ತಾರೆ. ಅವರಲ್ಲಿ ಕೆಲವರು ಎರಡು ದಿನ ಬಿಟ್ಟು ಮತ್ತೆ ಬಂದು, ದನಿ ತಗ್ಗಿಸಿ ಹೇಳುತ್ತಾರೆ: "ಅಣ್ಣಾರ, ನೋವೇನೋ ಹೋತ್ರಿ. ಆದ್ರ ಗುಳಿಗಿ ತಗೊಂಡ ಮ್ಯಾಲ ಕಿವ್ಯಾಗ ಗುಂಯ್ ಅಂತೈತಿ." ಇಂಥದ್ದನ್ನು ಹೇಳಲು ಜನ ಯಾಕೆ ಸಂಕೋಚ ಪಡುತ್ತಾರೋ ತಿಳಿಯದು. ಸುಮ್ನೆ ಭ್ರಮೆ ಅಂತ ನಗುತ್ತಾರೆ ಅನ್ನುವ ಅಂಜಿಕೆ ಇರಬೇಕು. ಆದರೆ ಇದು ಹೇಳಲೇಬೇಕಾದ ಮಾತು.

ಕಿವಿಯ ವಿಷಯವನ್ನೇ ಮೊದಲು ನೋಡೋಣ. ಆಸ್ಪಿರಿನ್ ಪ್ರಮಾಣ ಹೆಚ್ಚಾದರೆ ಕಿವಿಯಲ್ಲಿ ಸದ್ದು ಬರುತ್ತದೆ, ಮಾತು ಸ್ವಲ್ಪ ಮಂದವಾಗಿ ಕೇಳುತ್ತದೆ. ಇದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಪ್ರಮಾಣ ಮೀರಿದೆ ಎಂದು ಮೈ ಕೊಡುವ ಸೂಚನೆ ಅದು. ಸಮಯಕ್ಕೆ ಗುಳಿಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಸದ್ದೂ ನಿಲ್ಲುತ್ತದೆ. ಆದರೆ ಹೃದಯಕ್ಕೆ ಅಂತ ವೈದ್ಯರು ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಅನ್ನು ಮಾತ್ರ ನೀವಾಗಿಯೇ ಬಿಡಬೇಡಿ, ಅವರನ್ನು ಕೇಳಿ.

ನೋವಿನ ಗುಳಿಗೆ ನೋವಿದ್ದ ಜಾಗಕ್ಕಷ್ಟೇ ಹೋಗುವುದಿಲ್ಲ. ರಕ್ತದ ಜೊತೆ ಮೈಯೆಲ್ಲ ತಿರುಗುತ್ತದೆ. ಪೆಟ್ಟಾದ ಕಡೆ ನೋವು, ಬಾವು ಹೆಚ್ಚಿಸುವ ಪ್ರೊಸ್ಟಗ್ಲ್ಯಾಂಡಿನ್ ಎಂಬ ವಸ್ತುವನ್ನು ಆಸ್ಪಿರಿನ್ ತಡೆಯುತ್ತದೆ ಎಂದು 1971ರಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಹೀಗೆಯೇ ಕೆಲಸ ಮಾಡುತ್ತವೆ. ತೊಡಕು ಏನೆಂದರೆ, ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಅದೇ ವಸ್ತು. ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲು ನೆರವಾಗುವುದೂ ಅದೇ.

ಹಾಗಾಗಿ ಎದೆ ಉರಿ ಬಂದರೆ ಮಿರ್ಚಿ ಗಿರ್ಮಿಟ್ ಮೇಲೆ ತಪ್ಪು ಹೊರಿಸುವ ಮುಂಚೆ, ಅವತ್ತು ಯಾವ ಗುಳಿಗೆ ತಗೊಂಡಿದ್ದೆ ಅಂತ ನೆನಪು ಮಾಡಿಕೊಳ್ಳಿ. ಒಂದು ಗುಟುಕು ನೀರಲ್ಲಿ ಗುಳಿಗೆ ನುಂಗಿ ಹಾಗೇ ಮಲಗುವವರು ಬಹಳ. ಗುಳಿಗೆ ಅನ್ನನಾಳದಲ್ಲೇ ಅಂಟಿಕೊಂಡು ಕರಗಿದರೆ, ಎದೆಯ ನಡುವೆ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆ ಕೂತಿರಿ ಸಾಕು. ವಯಸ್ಸಾದವರು ಇನ್ನೊಂದನ್ನು ಗಮನಿಸಬೇಕು. ನಾಲ್ಕು ದಿನ ಈ ಗುಳಿಗೆ ತಗೊಂಡ ಮೇಲೆ ಸಂಜೆ ಹೊತ್ತಿಗೆ ಚಪ್ಪಲಿ ಬಿಗಿ ಅನ್ನಿಸುತ್ತಿದೆಯಾ? ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತಿರಬಹುದು, ಬಿಪಿ ಏರುತ್ತಿರಬಹುದು. ಬಿಪಿ ಗುಳಿಗೆ ನುಂಗುವವರು ಇದನ್ನು ವೈದ್ಯರಿಗೆ ಹೇಳಲೇಬೇಕು.

ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟ ಮೇಲೆ ಧಾರಾಕಾರ ಬೆವರು ಬಂದರೆ ಮನೆಯವರು ಗಾಬರಿಯಾಗುತ್ತಾರೆ. ಮೈಯ ಕಾವು ಇಳಿಯುವ ದಾರಿಯೇ ಅದು. ಒದ್ದೆ ಬಟ್ಟೆ ಬದಲಿಸಿ, ನೀರು ಕುಡಿಸಿ.

ಈಗ ಬೆಟಗೇರಿಯ ಒಬ್ಬ ನೇಕಾರರ ವಿಷಯ ಹೇಳುತ್ತೇನೆ. ಬಲಗೈ ಹೆಬ್ಬೆರಳ ಬುಡದಲ್ಲಿ ಅವರಿಗೆ ನಾಣ್ಯದಷ್ಟು ದೊಡ್ಡ ಕಪ್ಪು ಕಲೆ ಇತ್ತು. ದುಂಡಗೆ, ಅಂಚು ಕೊರೆದ ಹಾಗೆ. ಆಗಾಗ ಅದು ಕೆಂಪಾಗಿ ಉರಿಯುತ್ತಿತ್ತು, ವಾರದಲ್ಲಿ ಮತ್ತೆ ಕಪ್ಪಾಗುತ್ತಿತ್ತು. ಜೇಡ ಹರಿದಿರಬೇಕು ಅಂತ ಮನೆಯಲ್ಲಿ ಏನೇನೋ ಹಚ್ಚಿದ್ದರು. ಉರಿ ಯಾವಾಗ ಬರುತ್ತದೆ ಎಂದು ಕೇಳಿದೆ. ಯೋಚನೆ ಮಾಡಿ ಹೇಳಿದರು, ಸೀರೆ ಮುಗಿಸುವ ದಿನ ರಾತ್ರಿ ಅಂತ. ಅವತ್ತೇ ಮಗ್ಗದ ಮುಂದೆ ಜಾಸ್ತಿ ಹೊತ್ತು ಕೂತು ಬೆನ್ನು ಹಿಡಿಯುತ್ತಿತ್ತು. ಅವತ್ತೇ ಗುಳಿಗೆ ನುಂಗುತ್ತಿದ್ದರು. ಗದಗಿನ ಚರ್ಮದ ವೈದ್ಯರ ಹತ್ತಿರ ಕಳಿಸಿದೆ. ಗುಳಿಗೆಯಿಂದಲೇ ಎಂದು ಅವರು ನೋಡಿದ ಕೂಡಲೇ ಹೇಳಿದರು.

ಇದು ಅಪರೂಪದ ಕಾಯಿಲೆ ಏನಲ್ಲ. ಒಂದು ಔಷಧ ಕೆಲವರಿಗೆ ಒಗ್ಗದೆ ಚರ್ಮದ ಮೇಲೆ ಕಲೆ ಏಳುತ್ತದೆ. ಕಲೆ ಆರಿದರೂ, ಅಲ್ಲಿನ ಚರ್ಮದೊಳಗೆ ರೋಗ ತಡೆಯುವ ಕಣಗಳು ಆ ಔಷಧದ ನೆನಪು ಇಟ್ಟುಕೊಂಡು ಉಳಿದುಬಿಡುತ್ತವೆ. ಅದೇ ಔಷಧ ಮತ್ತೆ ಮೈಯೊಳಗೆ ಹೋದರೆ, ಕೆಲವೇ ಗಂಟೆಯಲ್ಲಿ ಅದೇ ಜಾಗ ಮತ್ತೆ ಉರಿಯುತ್ತದೆ. ಕೈಯಲ್ಲಿ, ತುಟಿಯಲ್ಲಿ, ಗುಪ್ತಾಂಗದಲ್ಲೂ ಬರಬಹುದು. ಗುಪ್ತಾಂಗದಲ್ಲಿ ಬಂದವರು ನಾಚಿಕೆಯಿಂದ ಯಾರಿಗೂ ಹೇಳದೆ ನರಳುತ್ತಾರೆ, ಗಂಡ ಹೆಂಡತಿ ನಡುವೆ ಅನುಮಾನವೂ ಬೆಳೆಯುತ್ತದೆ. ಒಂದು ಗುಳಿಗೆ ಬಿಟ್ಟರೆ ಮುಗಿಯುವ ಸಂಕಟಕ್ಕೆ ಇಷ್ಟೆಲ್ಲ ಆಗುವುದು ನೋಡಿದರೆ ನನಗೆ ಬಹಳ ಬೇಸರವಾಗುತ್ತದೆ.

ಆ ನೇಕಾರರಿಗೆ ಗುಳಿಗೆಯ ಹೆಸರೇ ಗೊತ್ತಿರಲಿಲ್ಲ. "ಬಿಳೀದು, ಉದ್ದಂದು" ಅಂದರು. ಪಟ್ಟಿಯಿಂದ ಎರಡು ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರು ಇನ್ನೊಂದು ತುಂಡಿನಲ್ಲಿ ಉಳಿದುಬಿಡುತ್ತದೆ. ಅಂಗಡಿಯವರಿಗೆ ಹೇಳಿ ಹೆಸರು ಬರೆಸಿಕೊಳ್ಳಿ, ಇಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೊನೆಗೆ ಅವರ ಮನೆಯ ಡಬ್ಬಿ ಹುಡುಕಿ ನೋಡಿದಾಗ, ಒಂದೇ ಗುಳಿಗೆಯಲ್ಲಿ ನಿಮೆಸುಲೈಡ್ ಎಂಬ ನೋವಿನ ಔಷಧ, ಪ್ಯಾರಾಸಿಟಮಾಲ್ ಎರಡೂ ಇದ್ದವು.

ಇನ್ನು ಟ್ರಮಡಾಲ್. ಇದೂ ನೋವಿನ ಗುಳಿಗೆಯೇ, ಆದರೆ ಬೇರೆ ಜಾತಿಯದು, ಮಿದುಳಿನ ಮೇಲೇ ಕೆಲಸ ಮಾಡುತ್ತದೆ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ತಲೆ ಹಗುರಾದ ಹಾಗೆ, ಹೊಟ್ಟೆ ತೊಳಸಿದ ಹಾಗೆ, ಮೈ ತುರಿಕೆ, ಬಾಯಿ ಒಣಗುವುದು, ಮಲಬದ್ಧತೆ, ಎಲ್ಲ ಆಗಬಹುದು. ಧಾರವಾಡದಲ್ಲಿ ಓದುವ ನಮ್ಮ ಸಂಬಂಧಿಕರ ಹುಡುಗನಿಗೆ ಇದನ್ನು ನುಂಗಿದ ಮೇಲೆ ಚಿಗರಿ ಬಸ್ಸಿನಲ್ಲಿ ನಿಂತಾಗಲೇ ಕಣ್ಣು ಕತ್ತಲೆ ಬಂತು. ಅದೇ ಗುಳಿಗೆ ಅವನ ಗೆಳೆಯನಿಗೆ ಏನೂ ಮಾಡಿರಲಿಲ್ಲ. "ನನಗೇನೂ ಆಗಲಿಲ್ಲ, ನಿನಗ್ಯಾಕೆ?" ಅನ್ನುವುದು ಸರಿಯಲ್ಲ. ಈ ಔಷಧವನ್ನು ಲಿವರಿನ ಒಂದು ಕಿಣ್ವ ಇನ್ನೂ ಜೋರಾದ ರೂಪಕ್ಕೆ ಬದಲಿಸುತ್ತದೆ. ಆ ಕಿಣ್ವ ಕೆಲವರಲ್ಲಿ ಬಹಳ ಚುರುಕು, ಕೆಲವರಲ್ಲಿ ಮಂದ. ಹುಟ್ಟಿನಿಂದಲೇ ಬಂದದ್ದು ಅದು. ಇದನ್ನು ತಗೊಂಡು ಗಾಡಿ ಓಡಿಸಬೇಡಿ.

ತಲೆನೋವಿಗೆ ಅಂತ ತಿಂಗಳಲ್ಲಿ 15 ದಿನ, ಅದಕ್ಕೂ ಜಾಸ್ತಿ ಗುಳಿಗೆ ನುಂಗುವವರಿಗೆ ಗುಳಿಗೆಯಿಂದಲೇ ತಲೆನೋವು ಬರುತ್ತದೆ ಅಂದರೆ ನಂಬುವುದಿಲ್ಲ. ಆದರೆ ನಿಜ.

ನನಗೆ ಹೆಚ್ಚು ಅಂಜಿಕೆ ಏನೂ ಅನ್ನಿಸದೆ ಇರುವುದರ ಬಗ್ಗೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು. 650 ಮಿಲಿಗ್ರಾಂ ಗುಳಿಗೆ ಆರು ಆದರೆ ಅಲ್ಲಿಗೆ ಹತ್ತಿರ ಬಂದಿರಿ. ಕುಡಿಯುವವರಿಗೆ, ಲಿವರ್ ಸರಿ ಇಲ್ಲದವರಿಗೆ, ತೂಕ ಕಡಿಮೆ ಇರುವವರಿಗೆ ಇನ್ನೂ ಕಡಿಮೆ. ನೆಗಡಿಯ ಎಷ್ಟೋ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಎರಡನ್ನೂ ನುಂಗಿದವರಿಗೆ ಅದು ತಿಳಿಯುವುದೇ ಇಲ್ಲ. ಮಿತಿ ಮೀರಿದ ಮೊದಲ ದಿನ ಸ್ವಲ್ಪ ವಾಕರಿಕೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಲಿವರಿಗೆ ಆದ ಪೆಟ್ಟು ಹೊರಗೆ ಕಾಣುವುದು ಆಮೇಲೆ. ಜಾಸ್ತಿ ಆಯಿತು ಅನ್ನಿಸಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸಮಯಕ್ಕೆ ಹೋದರೆ ಮದ್ದು ಇದೆ.

ಮಲ ಡಾಂಬರಿನಂತೆ ಕಪ್ಪಾದರೆ, ಉಸಿರು ಕಟ್ಟಿದರೆ, ತುಟಿ ಮುಖ ಊದಿದರೆ ಕೂಡಲೇ ಹೊರಡಿ. ಮುಟ್ಟಿನ ಹೊಟ್ಟೆನೋವಿಗೆ ಹೆಣ್ಣುಮಕ್ಕಳು ನುಂಗುವ ಮೆಫೆನಮಿಕ್ ಆಸಿಡ್ ಬಗ್ಗೆ 2023ರ ನವೆಂಬರಿನಲ್ಲಿ, ಔಷಧಗಳ ಗುಣಮಟ್ಟ, ಸುರಕ್ಷತೆ ನೋಡಿಕೊಳ್ಳುವ ಭಾರತೀಯ ಫಾರ್ಮಾಕೋಪಿಯಾ ಆಯೋಗ ಒಂದು ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಕೆಲವರಲ್ಲಿ, ಶುರು ಮಾಡಿ ವಾರಗಳಾದ ಮೇಲೆ, ಜ್ವರ, ಮೈಮೇಲೆ ದದ್ದು, ದುಗ್ಧ ಗ್ರಂಥಿಗಳ ಊತ ಬರಬಹುದು ಅಂತ. ಇಷ್ಟು ತಡವಾಗಿ ಬಂದರೆ ಗುಳಿಗೆಯ ನೆನಪು ಯಾರಿಗಾಗುತ್ತದೆ, ಅಲ್ವಾ?

ಔಷಧ ತಗೊಂಡು ಇಂಥದ್ದು ಏನೇ ಆದರೂ ರೋಗಿಗಳೇ ನೇರವಾಗಿ ತಿಳಿಸಲು ಆಯೋಗದ ಉಚಿತ ಸಹಾಯವಾಣಿ ಇದೆ. ಬರೆದುಕೊಳ್ಳಿ: 1800 180 3024. ಕೆಲಸದ ದಿನ, ಹಗಲು ಹೊತ್ತು ಮಾಡಿ. ಯಾವ ಔಷಧ, ಯಾವತ್ತಿನಿಂದ ತಗೊಂಡಿರಿ, ಏನು ಆಯಿತು, ನಿಲ್ಲಿಸಿದ ಮೇಲೆ ಕಡಿಮೆ ಆಯಿತಾ, ಇಷ್ಟನ್ನು ಹೇಳಲು ತಯಾರಾಗಿರಿ. ನಮಸ್ಕಾರ.