ಮಳೆಗಾಲದಲ್ಲಿ ತೋಟೆ ಎಲ್ಲಿಡಬೇಕು?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದಲ್ಲಿ ಕೋವಿ ಲೈಸೆನ್ಸ್ ಇರುವ ಇಷ್ಟೊಂದು ಬೆಳೆಗಾರರು ಸೇರಿದ್ದೀರಿ. ಕೋವಿಗೆ ಎಣ್ಣೆ ಹಚ್ಚಿ ಒರೆಸಿಡುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ಇವತ್ತು ತೋಟೆಯ, ಅಂದರೆ ಕೋವಿಗೆ ತುಂಬುವ ಕಾರ್ಟ್ರಿಜ್‌ನ, ಮಾತನ್ನಷ್ಟೇ ಆಡುತ್ತೇನೆ.

ಎಲ್ಲರೂ ಕೇಳುವುದು ಒಂದೇ: ತೋಟೆಗೆ ಎಷ್ಟು ವರ್ಷ ಆಯಸ್ಸು? ಸಾಮಾನ್ಯವಾಗಿ ಸುಮಾರು 10 ವರ್ಷ ಅನ್ನುತ್ತಾರೆ. ಆದರೆ ಒಣಗಿದ, ತಂಪಾದ ಜಾಗದಲ್ಲಿದ್ದ ತೋಟೆ 30–40 ವರ್ಷ ಕಳೆದ ಮೇಲೂ ಸರಿಯಾಗಿ ಹಾರುವುದುಂಟು. ಕೆಟ್ಟ ಜಾಗದಲ್ಲಿದ್ದದ್ದು ಕೆಲವೇ ಮಳೆಗಾಲಕ್ಕೆ ಹಾಳು. ಎಷ್ಟು ಹಳೆಯದು ಅನ್ನುವುದಕ್ಕಿಂತ ಇಷ್ಟು ದಿನ ಎಲ್ಲಿತ್ತು ಅಂತ ಕೇಳಿ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಥಂಡಿ ತಗಲಬಾರದು ಅಂತ ಹಿಂದಿನವರು ತೋಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಈಗಲೂ ಬಚ್ಚಲೊಲೆಯ ಹತ್ತಿರ ಇಡುವವರಿದ್ದಾರೆ. ದಯವಿಟ್ಟು ಇದನ್ನು ಇವತ್ತೇ ನಿಲ್ಲಿಸಿ.

ಯಾಕೆ ಅಂತ ಹೇಳುತ್ತೇನೆ. ಈಗಿನ ತೋಟೆಯಲ್ಲಿ ಗುಂಡು ಹಾರಿಸುವುದು ಹೊಗೆಯಿಲ್ಲದ ಮದ್ದಿನ ಪುಡಿ. ಅದರ ಮುಖ್ಯ ವಸ್ತು ನೈಟ್ರೋಸೆಲ್ಯುಲೋಸ್. ಅದು ತನ್ನಷ್ಟಕ್ಕೇ ನಿಧಾನವಾಗಿ ಒಡೆಯುತ್ತಾ ಆಮ್ಲದ ಅನಿಲ ಬಿಡುತ್ತದೆ. ಆ ಅನಿಲ ಉಳಿದ ಮದ್ದನ್ನೂ ಕೆಡಿಸುತ್ತದೆ. ಇದನ್ನು ಹೀರಿಕೊಳ್ಳಲು ಡೈಫಿನೈಲಮೈನ್‌ನಂಥ ವಸ್ತು ಬೆರೆಸಿರುತ್ತಾರೆ. ಅದು ತೀರಿತು ಅಂದರೆ ಮದ್ದು ಬೇಗ ಕೆಡುತ್ತದೆ. ಶಾಖ ಸುಮಾರು 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚು. ಫ್ರಾನ್ಸಿನ ತೂಲಾನ್ ಬಂದರಿನಲ್ಲಿ 1907ರಲ್ಲಿ ಇಯೆನಾ, 1911ರಲ್ಲಿ ಲಿಬರ್ತೆ ಎಂಬ ಯುದ್ಧನೌಕೆಗಳು ಸಿಡಿದವು. ನೂರಾರು ಜನ ಸತ್ತರು. ಕೆಟ್ಟ ಮದ್ದೇ ಕಾರಣ ಅಂತ ಅದರ ಮೇಲೇ ಬೆರಳು ತೋರಿಸಿದರು. ನಿಮ್ಮ ಮನೆಯ ಒಂದು ಡಬ್ಬಿ ತೋಟೆ ಹಾಗೆ ತಾನಾಗಿ ಸಿಡಿಯುವುದಿಲ್ಲ, ಹೆದರಬೇಡಿ. ಆದರೆ ಅಟ್ಟದ ಶಾಖ ಅದರ ಆಯಸ್ಸನ್ನು ತಿನ್ನುವುದಂತೂ ನಿಜ.

ಹಾಗಾದರೆ ಥಂಡಿಗೆ ಏನು ಮಾಡುವುದು? ರಬ್ಬರ್ ಸೀಲ್ ಇರುವ, ಗಾಳಿಯಾಡದ ಡಬ್ಬಿ ತನ್ನಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಡಬ್ಬಿಯನ್ನು ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಮುಚ್ಚಿ. ಜುಲೈನಲ್ಲಿ ಮುಚ್ಚಿದರೆ ಥಂಡಿ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ, ಅಲ್ವಾ? ಮನೆಯ ನಡುಕೋಣೆಯಲ್ಲಿ, ಬಿಸಿಲು ಬೀಳದ ಕಡೆ, ಕೋವಿಯಿಂದ ಬೇರೆಯಾಗಿ ಬೀಗ ಹಾಕಿಡಿ. ಮಕ್ಕಳಿರುವ ಮನೆಯಲ್ಲಿ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ಚರ್ಮದ ಬೆಲ್ಟಿನಲ್ಲಿ ತೋಟೆ ಸಿಕ್ಕಿಸಿ ವರ್ಷಗಟ್ಟಲೆ ನೇತುಹಾಕಬೇಡಿ. ಚರ್ಮ ಹದ ಮಾಡಲು ಬಳಸಿದ ಒಗರು ತೋಟೆಯ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ತೋಟೆಗೆ ಎಣ್ಣೆಯನ್ನೂ ಹಚ್ಚಬೇಡಿ. ಮದ್ದಿಗೆ ಕಿಡಿ ಹತ್ತಿಸುವ ಕೇಪು ತೋಟೆಯ ಬುಡದಲ್ಲಿರುತ್ತದೆ; ಎಣ್ಣೆ ಅದರ ಅಂಚಿನಿಂದ ಒಳಗಿಳಿದರೆ ಕೇಪು ಸತ್ತೇ ಹೋಗಬಹುದು. ಹಳೆಯ ಕಾಗದದ ತೋಟೆ ಥಂಡಿಗೆ ಊದಿಕೊಂಡು ನಳಿಗೆಗೇ ಹೋಗದೆ ಇರುತ್ತದೆ. ಅದನ್ನು ಒತ್ತಿ ತುರುಕಬೇಡಿ.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ. ಕುದುರೆ (ಟ್ರಿಗರ್) ಎಳೆದರೂ ಈಡು ಹಾರದಿದ್ದರೆ ತಕ್ಷಣ ಕೋವಿ ಮುರಿದು, ಅಂದರೆ ಬಾಗಿಸಿ ತೆರೆದು, ನೋಡಬೇಡಿ. ಯಾರೂ ಇಲ್ಲದ ಕಡೆಗೆ ನಳಿಗೆ ಹಿಡಿದುಕೊಂಡು ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಇನ್ನೊಂದು, ಇದಕ್ಕಿಂತ ಅಪಾಯ: ಸದ್ದು ಸಣ್ಣದಾಗಿ ಬಂತು ಅಂದರೆ ವಾಡ್, ಅಂದರೆ ಮದ್ದಿಗೂ ಚರೆಗೂ ನಡುವಿನ ಬಿರಡೆ, ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಮೇಲೆ ಮತ್ತೊಂದು ಈಡು ಹೊಡೆದರೆ ನಳಿಗೆ ಒಡೆದು ಕೈ, ಕಣ್ಣು ಹೋಗುತ್ತದೆ. ಕೋವಿ ಖಾಲಿ ಮಾಡಿ, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದಾ ನೋಡಿ. ಆಮೇಲೆ ಮುಂದಿನ ಮಾತು.

ಕಿಲುಬು ಹಿಡಿದ, ಊದಿದ, ತಾತನ ಕಾಲದ ತೋಟೆಗಳನ್ನು ತೋಟದಲ್ಲಿ ಹೂಳಬೇಡಿ, ಬೆಂಕಿಗೆ ಹಾಕಬೇಡಿ. ಬಿಚ್ಚಿ ಮದ್ದು ತೆಗೆಯಲು ಹೋಗಬೇಡಿ. ನಿಮ್ಮ ಠಾಣೆಗೋ, ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಮೊದಲು ಫೋನ್ ಮಾಡಿ ಹೇಳಿ. ಅವರು ತನ್ನಿ ಅಂದ ಮೇಲೆ ಲೈಸೆನ್ಸ್ ಪುಸ್ತಕ ಹಿಡಿದು ಹೋಗಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.